ಹಿನ್ನೀರಿನ ಮೀನುಗಾರಿಕೆಗೆ ಹರಿಗೋಲಿನ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

ಬಾಗಲಕೋಟೆ ಜಿಲ್ಲೆಗೆ ಸಮುದ್ರತೀರವಿಲ್ಲ. ಆದರೂ ಕೃಷ್ಣಾ, ಘಟಪ್ರಭಾ ಮತ್ತು ಮಲಪ್ರಭಾ ನದಿಗಳು ಹಾಗೂ ಅವುಗಳ ಹಿನ್ನೀರಿನ ಅಂಚಿನಲ್ಲಿ ಕರಾವಳಿಯ ಅಳಿವೆಗಳಲ್ಲಿರುವಂತೆಯೇ ಆಳವಿಲ್ಲದ, ವಿಸ್ತಾರವಾದ ನೀರಿನ ಹರವು ಇದೆ. ಆಲಮಟ್ಟಿ ಜಲಾಶಯದ ನೀರು ಏರಿದಾಗ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳೂ ನದಿತೀರದ ಹೊಲಗಳೂ ಮುಳುಗಿದವು. ಹುನಗುಂದ ಭಾಗದಲ್ಲಿ ಮಲಪ್ರಭಾ ಕೃಷ್ಣೆಯನ್ನು ಸೇರುವ ಕೂಡಲಸಂಗಮದವರೆಗೆ ನಾರಾಯಣಪುರ ಜಲಾಶಯದ ಹಿನ್ನೀರು ಚಾಚಿದೆ. ಇಂತಹ ನೀರಿನ ತಳದಲ್ಲಿ ಗೋಡೆಯ ಅವಶೇಷ, ಮರದ ಬೊಡ್ಡೆ, ಬಂಡೆಗಳಿರುವುದರಿಂದ ಆಳವಾದ ತಳವುಳ್ಳ ದೋಣಿ ಉಪಯೋಗಕ್ಕೆ ಬಾರದು. ಇಲ್ಲಿಗೆ ಒಗ್ಗಿದ್ದು ಹರಿಗೋಲು.

ಇದು ಹೊಸದೇನಲ್ಲ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯನ್ನು ಜನರು ತೊಗಲು ಹೊದಿಸಿದ ಬುಟ್ಟಿಯಾಕಾರದ ದೋಣಿಗಳಲ್ಲಿ ದಾಟುತ್ತಿದ್ದುದನ್ನೂ ಅವು ನೇರವಾಗಿ ಸಾಗದೆ ಸುತ್ತುತ್ತಲೇ ಇರುತ್ತಿದ್ದುದನ್ನೂ ದಾಖಲಿಸಿದ್ದಾನೆ. ಆ ಗುಣ ಇಂದಿಗೂ ಬದಲಾಗಿಲ್ಲ.

ಸ್ಥಿರತೆ ಮತ್ತು ತೇಲುವಿಕೆ

ಹರಿಗೋಲಿನ ತಳ ಚಪ್ಪಟೆ, ಹರವು ಅಗಲ. ಆದುದರಿಂದ ಒಂದು ಅಡಿಗಿಂತ ಕಡಿಮೆ ನೀರಿನಲ್ಲಿಯೂ ಅದು ತೇಲುತ್ತದೆ. ಬಲೆ ಎಳೆಯುವಾಗ ಸುಲಭವಾಗಿ ಓಲಾಡುವುದಿಲ್ಲ. ಆದರೆ ಸ್ಥಿರವಾಗಿರುವುದು ಬೇರೆ, ಮುಳುಗದಿರುವುದು ಬೇರೆ ಎಂಬುದನ್ನು ಅರ್ಜಿದಾರರು ಗಮನಿಸಬೇಕು. ಹರಿಗೋಲಿನ ಅಂಚು ತಗ್ಗು. ಇಬ್ಬರೂ ಒಂದೇ ಬದಿಗೆ ಬಾಗಿ ಭಾರವಾದ ಬಲೆಯನ್ನು ಎತ್ತಿದರೆ ಅಂಚು ನೀರಿಗಿಳಿದು ಕ್ಷಣಮಾತ್ರದಲ್ಲಿ ನೀರು ತುಂಬುತ್ತದೆ.

ಆಗ ಹರಿಗೋಲು ಯಾವುದರಿಂದ ಮಾಡಿದ್ದು ಎಂಬುದೇ ಮುಖ್ಯವಾಗುತ್ತದೆ. ಬಿದಿರು ನೀರಿಗಿಂತ ಹಗುರ. ಬಿದಿರಿನ ಹರಿಗೋಲಿನಲ್ಲಿ ನೀರು ತುಂಬಿದರೂ ಹಿಡಿದುಕೊಳ್ಳಲು ಆಸರೆ ಉಳಿಯುತ್ತದೆ. ಫೈಬರ್‌ಗ್ಲಾಸ್ ನೀರಿಗಿಂತ ಭಾರ. ಗಾಳಿಗೂಡು ಅಥವಾ ಥರ್ಮೋಕೋಲಿನಂತಹ ತೇಲುವ ವಸ್ತುವನ್ನು ಒಳಗೆ ಅಳವಡಿಸದಿದ್ದರೆ ನೀರು ತುಂಬಿದ ಕೂಡಲೇ ಅದು ತಳ ಸೇರುತ್ತದೆ. ಫೈಬರ್ ಹರಿಗೋಲು ಬಾಳಿಕೆ ಬರುವುದು ನಿಜ. ಬಿದಿರಿನದರಂತೆ ಮೇಲಿಂದ ಮೇಲೆ ಡಾಂಬರು ಬಳಿಯಬೇಕಾಗಿಲ್ಲ. ಆದರೆ ಬೆಲೆಯನ್ನಷ್ಟೇ ನೋಡಿ ಗಾಳಿಗೂಡಿಲ್ಲದ ಹರಿಗೋಲನ್ನು ಕೊಳ್ಳುವುದು ಉಚಿತವಲ್ಲ.

ಹಣ ಪಾವತಿಸುವ ಮುನ್ನ ಮಾರಾಟಗಾರರ ಸಮ್ಮುಖದಲ್ಲಿ ಸೊಂಟಮಟ್ಟದ ನೀರಿನಲ್ಲಿ ಪರೀಕ್ಷಿಸುವುದು ಸೂಕ್ತ. ಇಬ್ಬರು ಕುಳಿತು ಬಲೆಯಷ್ಟು ಭಾರವಿಟ್ಟಾಗ ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ನೋಡಬೇಕು. ಗೇಣಿಗಿಂತ ಕಡಿಮೆಯಿದ್ದರೆ ದೊಡ್ಡ ಅಳತೆಯದನ್ನು ಕೇಳಬೇಕು. ಬಳಿಕ ಹರಿಗೋಲಿಗೆ ಪೂರ್ತಿ ನೀರು ತುಂಬಿಸಿ ಅದು ತೇಲುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಇದಕ್ಕೊಪ್ಪದ ಮಾರಾಟಗಾರರಲ್ಲಿ ಕೊಳ್ಳದಿರುವುದೇ ಲೇಸು.

ಎಲ್ಲಿ ಬಳಸಬಾರದು

ಹರಿಗೋಲಿಗೆ ನೀರನ್ನು ಕಚ್ಚಿ ಹಿಡಿಯುವ ಅಡಿಗಟ್ಟಿಲ್ಲ. ಗಾಳಿ ಬೀಸಿದತ್ತ ಅದು ಸರಿಯುತ್ತದೆ. ಮುಂಗಾರಿನ ಗಾಳಿಯಲ್ಲಿ ಆಲಮಟ್ಟಿಯ ತೆರೆದ ಹಿನ್ನೀರಿನಲ್ಲಿ ಅಲೆಗಳೇಳುವಾಗ ಒಂದೇ ಹುಟ್ಟಿನಿಂದ ದಡ ಸೇರುವುದು ಕಷ್ಟ. ದಡದ ಆಸರೆಯಿಂದ ಬಹುದೂರ ಹೋಗಿ ಬಲೆ ಬಿಡುವವರು ಉದ್ದನೆಯ ಚಪ್ಪಟೆ ತಳದ ದೋಣಿಯನ್ನು ಆರಿಸಿಕೊಳ್ಳಬೇಕು. ಬಾದಾಮಿ ತಾಲ್ಲೂಕಿನ ಮಲಪ್ರಭಾ ತೀರದವರು ನವಿಲುತೀರ್ಥ ಜಲಾಶಯದಿಂದಲೂ, ಘಟಪ್ರಭಾ ತೀರದವರು ಹಿಡಕಲ್ ಜಲಾಶಯದಿಂದಲೂ ನೀರು ಬಿಡುವ ಪ್ರಕಟಣೆ ಹೊರಟ ದಿನ ನದಿಗಿಳಿಯಬಾರದು. ಇಳಕಲ್ ಭಾಗದ ಕೆರೆಗಳಲ್ಲಿ ಇಂತಹ ಅಪಾಯ ಕಡಿಮೆ. ಅಲ್ಲಿ ಚಿಕ್ಕ ಹರಿಗೋಲು ಸಾಕು. ಎಲ್ಲಿಯೇ ಆದರೂ ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇರತಕ್ಕದ್ದು.

ಸಹಾಯಧನ ಮತ್ತು ವಿಮೆ

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಫಲಾನುಭವಿ ಆಧಾರಿತ ಘಟಕಗಳಿಗೆ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನ ನಿಗದಿಯಾಗಿತ್ತು. ಸದರಿ ಯೋಜನೆಯ ಅಪಘಾತ ವಿಮೆಯಲ್ಲಿ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ರೂ. 5 ಲಕ್ಷ ಪರಿಹಾರವಿತ್ತು. ಪ್ರಸಕ್ತ ಸಾಲಿನ ಯೋಜನೆಗಳು, ಮೊತ್ತ ಮತ್ತು ಅರ್ಜಿಯ ಕೊನೆಯ ದಿನಾಂಕವನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು. ಆಧಾರ್ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ, ಮೀನುಗಾರಿಕೆ ಪರವಾನಗಿ ಅಥವಾ ಮೀನುಗಾರರ ಸಹಕಾರ ಸಂಘದ ಸದಸ್ಯತ್ವದ ದಾಖಲೆ ಹಾಗೂ ಅನ್ವಯಿಸುವವರು ಜಾತಿ ಪ್ರಮಾಣಪತ್ರವನ್ನು ಜೊತೆಗೆ ಕೊಂಡೊಯ್ಯುವುದು. ಹರಿಗೋಲನ್ನು ಮೊದಲೇ ಕೊಂಡು ನಂತರ ಅರ್ಜಿ ಸಲ್ಲಿಸದೆ, ಮಂಜೂರಾತಿ ಆದೇಶ ಕೈಸೇರಿದ ಬಳಿಕವೇ ಖರೀದಿಸುವುದು.