ಖಬರು ಬರುವುದು, ಖಬರು ಇರುವುದು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಆಡುಮಾತಿನಲ್ಲಿ ‘ಖಬರು’ ಎಂಬ ಪದ ಎರಡು ಕೆಲಸ ಮಾಡುತ್ತದೆ. ಮುಂಡರಗಿ ಕಡೆ ಮಳಿ ಆದ ಖಬರು, ಗದಗ ಮಾರ್ಕೆಟ್ಟಿನ ಉಳ್ಳಾಗಡ್ಡಿ ರೇಟಿನ ಖಬರು, ಬೀಗರ ಊರಿನಿಂದ ಬಂದ ಸಾವಿನ ಖಬರು, ಇವೆಲ್ಲ ಸುದ್ದಿ. ‘ಮೈಮ್ಯಾಲೆ ಖಬರಿಲ್ಲ’, ‘ಖಬರ ಐತಿಲ್ಲೋ ನಿನಗ?’ ಎಂದಾಗ ಮಾತ್ರ ಸುದ್ದಿಯ ಪ್ರಸ್ತಾಪವೇ ಇಲ್ಲ. ಅಲ್ಲಿ ಕೇಳುತ್ತಿರುವುದು ಮನುಷ್ಯ ತನ್ನ ಬಾಳಿನ ಮೇಲೆ ಎಚ್ಚರವಾಗಿದ್ದಾನೆಯೇ ಎಂದು. ತತ್ತ್ವಶಾಸ್ತ್ರದಲ್ಲಿ ಜ್ಞಾನಮೀಮಾಂಸೆ ವಿಚಾರಿಸುವುದು ಮೊದಲನೆಯ ಖಬರನ್ನು: ಯಾರು ಹೇಳಿದರು, ಅವರು ಕಣ್ಣಾರೆ ಕಂಡರೇ, ಅವರ ಮಾತು ನಂಬುವಂಥದೇ? ನ್ಯಾಯದರ್ಶನದವರಾದ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದರು. ಆಪ್ತನ, ಎಂದರೆ ನಂಬಲು ಯೋಗ್ಯನಾದವನ, ಬಾಯಿಂದ ಬಂದ ಖಬರು ಅವರ ಲೆಕ್ಕದಲ್ಲಿ ನಿಜವಾದ ಜ್ಞಾನವೇ. ಅಸ್ತಿತ್ವವಾದ ಹಿಡಿಯುವುದು ಎರಡನೆಯ ಖಬರನ್ನು.

ಈ ಎರಡನೆಯದೂ ಒಂದು ಬಗೆಯ ತಿಳಿವಳಿಕೆಯೇ ಅಲ್ಲವೇ, ತನ್ನ ಬಗ್ಗೆ ತನಗೆ ಬಂದ ಸುದ್ದಿಯಷ್ಟೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹಾಗಿದ್ದರೆ ಹೇಳಿದ ಕೂಡಲೇ ಅದು ಬಂದುಬಿಡಬೇಕಿತ್ತು. ಖಬರಿಲ್ಲದವನಿಗೆ ‘ನಿನಗ ಖಬರಿಲ್ಲ’ ಎಂದರೆ ‘ಹೌದು’ ಎಂದು ಒಪ್ಪಿಕೊಂಡು ಮೊದಲಿನಂತೆಯೇ ಇರಬಲ್ಲ. ಸಾವಿನ ಖಬರನ್ನೇ ನೋಡಿ. ‘ಹುಟ್ಟಿದವ್ರು ಸಾಯಾವ್ರ’ ಎಂಬುದನ್ನು ತಿಳಿಯದವರಿಲ್ಲ, ಅದಕ್ಕೆ ಪ್ರಮಾಣ ಬೇಡುವವರೂ ಇಲ್ಲ. ಆದರೆ ಸಾಯುವವನು ನಾನು ಎಂಬುದು ಆ ಮಾತಿನೊಳಗೆ ಮರೆಯಾಗಿಯೇ ಉಳಿಯುತ್ತದೆ. 1927ರ ‘ಬೀಯಿಂಗ್ ಅಂಡ್ ಟೈಮ್’ನಲ್ಲಿ ತತ್ತ್ವಜ್ಞಾನಿ ಹೈಡೆಗರ್ ತೋರಿಸಿದ್ದು ಈ ಮರೆಯನ್ನೇ. 1943ರಲ್ಲಿ ಅಸ್ತಿತ್ವವಾದಿ ಸಾರ್ತ್ರ್ ಇನ್ನೂ ಖಚಿತವಾಗಿ ಹೇಳಿದ: ಪ್ರಜ್ಞೆಗೆ ತನ್ನ ಮೇಲಿರುವ ಎಚ್ಚರವು ಜ್ಞಾನವಲ್ಲ, ಏಕೆಂದರೆ ಅಲ್ಲಿ ತಿಳಿಯುವವನು ಬೇರೆ, ತಿಳಿಯಲ್ಪಡುವುದು ಬೇರೆ ಎಂಬ ವಿಭಾಗವೇ ಇಲ್ಲ. ಈ ಮಾತನ್ನು ಬಿಟ್ಟು ಅಸ್ತಿತ್ವವಾದವನ್ನು ಬರೀ ಒಂಟಿತನ, ಬೇಸರಗಳ ಹೆಸರಾಗಿ ಓದುವುದು ಅದಕ್ಕೆ ಮಾಡುವ ಅನ್ಯಾಯ.

ಪದ ಅರಬ್ಬೀ ಮೂಲದ್ದು, ಉರ್ದುವಿನ ‘ಬೇಖಬರ್’ನಲ್ಲೂ ಈ ಎರಡೂ ಅರ್ಥ ಇವೆ, ಇದರಲ್ಲಿ ಕನ್ನಡದ ಹೆಚ್ಚುಗಾರಿಕೆ ಏನು ಎಂಬ ಆಕ್ಷೇಪ ಸರಿಯಾದದ್ದೇ. ಆದರೆ ನಮ್ಮ ಜನ ಆ ಪದಕ್ಕೆ ‘ಗೇಡಿ’ ಸೇರಿಸಿ ‘ಖಬರಗೇಡಿ’ ಮಾಡಿಕೊಂಡರು. ಮತಿಗೇಡಿ, ಮಾನಗೇಡಿಗಳ ಸಾಲಿನ ಮಾತು ಅದು. ಸುದ್ದಿ ತಿಳಿಯದವನನ್ನು ಯಾರೂ ಹಾಗೆ ಬೈಯುವುದಿಲ್ಲ, ತಿಳಿಯದಿರುವುದು ತಪ್ಪಲ್ಲ. ತನ್ನದಾಗಿದ್ದುದನ್ನು ತಾನೇ ಕೆಡಿಸಿಕೊಂಡವನು ಖಬರಗೇಡಿ. ಹೊಣೆ ಅವನದೇ ಎಂಬ ತೀರ್ಪು ಬೈಗುಳದಲ್ಲೇ ಇದೆ, ಮತ್ತು ಹೊಣೆಯೇ ಅಸ್ತಿತ್ವವಾದದ ಜೀವಾಳ. ಹಾಗೆಂದು ಎಚ್ಚರವಿದ್ದರೆ ಸಾಕು, ಪ್ರಮಾಣ ಬೇಡ ಎನ್ನಲಾಗದು. ಸುಳ್ಳು ಖಬರು ನಂಬಿ ಹೊಲ ಮಾರಿದವನು ಎಷ್ಟೇ ಎಚ್ಚರದಿಂದ ತೀರ್ಮಾನಿಸಿದ್ದರೂ ಹೊಲ ಹೋದದ್ದು ಹೋದದ್ದೇ. ಯಾರು ಹೇಳಿದರು ಎಂದು ಅವನು ಮೊದಲು ಕೇಳಲೇಬೇಕಿತ್ತು. ಆದರೆ ಖಬರು ನಿಜವೇ ಆಗಿದ್ದರೂ, ಮಾರಬೇಕೋ ಬೇಡವೋ ಎಂಬುದನ್ನು ಅದು ಅವನ ಪರವಾಗಿ ತೀರ್ಮಾನಿಸುತ್ತಿರಲಿಲ್ಲ.