ಒಂದು ಬಟ್ಟಲು ಗಂಜಿಯ ಇತಿಹಾಸ

ಇತಿಹಾಸವೆಂದೊಡನೆ ನಿಮಗೆ ನೆನಪಾಗುವುದು ಕೋಟೆ, ಯುದ್ಧ, ಒಪ್ಪಂದ. ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುವ ನಮ್ಮ ಕ್ಯಾಮೆರಾ ಕೂಡ ಮೊದಲು ತಿರುಗುವುದು ಅತ್ತಲೇ. ಇಂದು ಒಂದು ಸಣ್ಣ ಹೋಟೆಲಿನ ಕಡೆ ನೋಡೋಣ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಚೈನಾಟೌನ್‌ನಲ್ಲಿ, ವಾಷಿಂಗ್ಟನ್ ಬೀದಿಯಲ್ಲಿದ್ದ ಅದರ ಹೆಸರು 'ಸ್ಯಾಮ್ ವೋ'. ಸುಮಾರು ನೂರು ವರ್ಷ ಅಲ್ಲಿ ಕಡಿಮೆ ಬೆಲೆಗೆ ಕ್ಯಾಂಟನೀಸ್ ಮನೆಯಡುಗೆ ಸಿಗುತ್ತಿತ್ತು.

ಚೀನಾದ ಈ ಅಡುಗೆ ಅಲ್ಲಿಗೆ ಹೋದದ್ದು ಹೇಗೆ? 1848–49ರಲ್ಲಿ ಕ್ಯಾಲಿಫೋರ್ನಿಯದ ಚಿನ್ನದ ಸುದ್ದಿ ಹಬ್ಬಿದ ಮೇಲೆ, ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಜನ ಹಡಗು ಹತ್ತಿದರು. 1869ರಲ್ಲಿ ಪೂರ್ಣಗೊಂಡ ಖಂಡಾಂತರ ರೈಲುಮಾರ್ಗದ ಪಶ್ಚಿಮ ಭಾಗಕ್ಕಾಗಿ ಅವರಲ್ಲಿ ಸಾವಿರಾರು ಮಂದಿ ಬೆವರು ಸುರಿಸಿದರು. ಕೆಲಸ ಮುಗಿದ ಮೇಲೆ ಅವರೇ ಬೇಡವಾದರು! 1882ರ ಕಾನೂನು ಚೀನೀ ಕಾರ್ಮಿಕರ ಪ್ರವೇಶವನ್ನು ನಿಷೇಧಿಸಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಬಹುತೇಕರಿಗೆ ಸಾಧ್ಯವಾಗಲಿಲ್ಲ. ಒಂಟಿ ಗಂಡಸರು ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ಬದುಕಿದರು. ಎಷ್ಟೋ ಕೋಣೆಗಳಿಗೆ ಅಡುಗೆಮನೆಯೇ ಇರಲಿಲ್ಲ. ಇಂಥವರಿಗೆ ಅಗ್ಗದ ಹೋಟೆಲೇ ಮನೆಯ ಅಡುಗೆಮನೆ.

1906ರ ಏಪ್ರಿಲ್ 18ರಂದು ಭೂಕಂಪವೂ ಬೆಂಕಿಯೂ ಚೈನಾಟೌನನ್ನು ನೆಲಸಮ ಮಾಡಿದವು. ಚೀನೀಯರನ್ನು ಊರಿನ ಅಂಚಿಗೆ ಸಾಗಿಸಬೇಕೆಂದು ನಗರದ ಮುಖಂಡರು ಯೋಚಿಸಿದರು. ಚೀನೀಯರು ಒಪ್ಪದೆ ಹಳೆಯ ಜಾಗದಲ್ಲೇ ಮತ್ತೆ ಕಟ್ಟಿಕೊಂಡರು. ಆ ಮರುನಿರ್ಮಾಣದ ವರ್ಷಗಳಲ್ಲಿ ಹುಟ್ಟಿದ್ದು ಸ್ಯಾಮ್ ವೋ.

ಅಲ್ಲಿನ ಮುಖ್ಯ ತಿನಿಸು 'ಜೂಕ್', ಅಂದರೆ ಅಕ್ಕಿಯ ಗಂಜಿ. ಇದಕ್ಕೆ ಇಂಗ್ಲಿಷಿನಲ್ಲಿ ಬಳಸುವ 'ಕಾಂಜಿ' ಎಂಬ ಪದ ದಕ್ಷಿಣ ಭಾರತದಿಂದ ಹೋದದ್ದು, ನಮ್ಮ ಗಂಜಿಯ ಬಂಧು. ಇದು ಅಗ್ಗವಾಗಿರಲು ವಿಜ್ಞಾನದ ಕಾರಣವೂ ಇದೆ. ಅಕ್ಕಿಯನ್ನು ಸುಮಾರು ಹತ್ತರಷ್ಟು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಅದರ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ, ನೀರೆಲ್ಲ ಮಂದವಾಗುತ್ತದೆ. ಒಂದು ಹಿಡಿ ಅಕ್ಕಿ, ನಾಲ್ಕು ಚೂರು ಮೀನು ಅಥವಾ ಮಾಂಸ. ಹಸಿದವನಿಗೆ ಬಟ್ಟಲು ತುಂಬ ಬಿಸಿ ಊಟ.

ಕಟ್ಟಡ ಮೂರು ಅಂತಸ್ತಿನದು, ಬಲು ಕಿರಿದು. ಗಿರಾಕಿಗಳು ಅಡುಗೆಮನೆಯನ್ನು ಹಾದೇ ಮಹಡಿ ಹತ್ತಬೇಕಿತ್ತು. ತಟ್ಟೆಗಳು ಪುಟ್ಟ ಲಿಫ್ಟ್‌ನಲ್ಲಿ ಮೇಲೇರುತ್ತಿದ್ದವು. ಎಡ್ಸೆಲ್ ಫೋರ್ಡ್ ಫಂಗ್ ಎಂಬ ಮಾಣಿ ಗಿರಾಕಿಗಳನ್ನು ಗದರಿಸುವುದಕ್ಕೇ ಹೆಸರಾಗಿದ್ದ. ಬೈಸಿಕೊಳ್ಳಲೆಂದೇ ಜನ ಬರುತ್ತಿದ್ದರು!

ಕಾನೂನಿನ ಕಥೆ ಇನ್ನೂ ಇದೆ. 1882ರ ಕಾನೂನು ವ್ಯಾಪಾರಿಗಳಿಗೆ ವಿನಾಯಿತಿ ಕೊಟ್ಟಿತ್ತು. 1915ರಲ್ಲಿ ನ್ಯಾಯಾಲಯವೊಂದು ಹೋಟೆಲು ಮಾಲೀಕರನ್ನೂ ವ್ಯಾಪಾರಿಗಳೆಂದು ಪರಿಗಣಿಸಲು ದಾರಿ ಮಾಡಿತು. ಬಂಧುಗಳು ಹಣ ಕೂಡಿಸಿ ಹೋಟೆಲು ತೆರೆಯತೊಡಗಿದರು. ಅಮೆರಿಕದಲ್ಲಿ ಚೀನೀ ಹೋಟೆಲುಗಳು ಹೆಚ್ಚಿದ್ದಕ್ಕೆ ರುಚಿಯಂತೆ ಇದೂ ಒಂದು ಕಾರಣ. ಆದರೆ ಆ ಅನುಕೂಲ ದೊಡ್ಡ ಬಂಡವಾಳದವರಿಗೆ. ಸಣ್ಣ ಗಂಜಿ ಹೋಟೆಲಿಗೆ ಅಕ್ಕಪಕ್ಕದ ಜನರೇ ಆಧಾರ. ನಿಷೇಧ ರದ್ದಾದದ್ದು 1943ರಲ್ಲಿ. ಆಗಲೂ ವರ್ಷಕ್ಕೆ ಕೇವಲ 105 ಚೀನೀಯರಿಗೆ ಪ್ರವೇಶ.

2012ರಲ್ಲಿ ಹಳೆಯ ಕಟ್ಟಡ ಆರೋಗ್ಯ ಮತ್ತು ಅಗ್ನಿಸುರಕ್ಷೆಯ ನಿಯಮಗಳಿಗೆ ಹೊಂದದೆ ಸ್ಯಾಮ್ ವೋ ಬಾಗಿಲು ಹಾಕಿತು. 2015ರಲ್ಲಿ ಸಮೀಪದ ಕ್ಲೇ ಬೀದಿಯಲ್ಲಿ ಮತ್ತೆ ತೆರೆಯಿತು. 2024ರ ಕೊನೆಯಲ್ಲಿ, ಬಾಣಸಿಗರು ನಿವೃತ್ತರಾಗಲಿರುವುದರಿಂದ ಅದೂ ಮುಚ್ಚಲಿದೆಯೆಂಬ ಸುದ್ದಿ ಬಂತು. ಕಾನೂನಿನ ಪ್ರತಿ ಗ್ರಂಥಾಲಯದಲ್ಲಿ ಉಳಿಯುತ್ತದೆ. ಆ ಕಾನೂನಿನಡಿ ಜನ ಹೇಗೆ ಉಂಡರು, ಹೇಗೆ ಬದುಕಿದರು ಎಂಬುದಕ್ಕೆ ಇಂಥ ಜಾಗಗಳೇ ದಾಖಲೆ. ಒಲೆ ಆರಿದರೆ ಅವೂ ಮಾಸುತ್ತವೆ.

ನಿಮ್ಮ ಊರಿನಲ್ಲೂ ಒಂದು ಹಳೆಯ ಹೋಟೆಲು ಇರಬಹುದು. ಅದನ್ನು ಯಾರು, ಯಾವಾಗ, ಯಾರಿಗಾಗಿ ತೆರೆದರು? ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.