ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಕಾಮಾಲೆ: ಗಿಡಮೂಲಿಕೆ ಮಾತ್ರೆ ಕೆಲವರ ಲಿವರ್‌ಗೆ ಮಾತ್ರ ಏಕೆ ಕುತ್ತು?

ಗಂಡ-ಹೆಂಡತಿ ಇಬ್ಬರೂ ಒಂದೇ ಡಬ್ಬಿಯ ಅರಿಶಿನದ ಕ್ಯಾಪ್ಸೂಲ್ ನುಂಗುತ್ತಾರೆ ಎಂದುಕೊಳ್ಳಿ. ಎರಡು-ಮೂರು ತಿಂಗಳಲ್ಲಿ ಒಬ್ಬರು ಮಂಡಿನೋವು ಕಡಿಮೆಯಾಯಿತು ಎನ್ನುತ್ತಾರೆ. ಇನ್ನೊಬ್ಬರು ಕಣ್ಣು ಹಳದಿಯಾಗಿ ಆಸ್ಪತ್ರೆ ಸೇರುತ್ತಾರೆ. ಕಂಪನಿ ಒಂದೇ, ಪ್ರಮಾಣವೂ ಒಂದೇ. ಹಾಗಿದ್ದರೆ ವ್ಯತ್ಯಾಸ ಆಗಿದ್ದೆಲ್ಲಿ?

ಬಹುಪಾಲು ಪ್ರಕರಣಗಳಲ್ಲಿ ಉತ್ತರ ಇರುವುದು ಸೇವಿಸಿದವರ ದೇಹದಲ್ಲಿ ಎನ್ನುತ್ತವೆ ಇತ್ತೀಚಿನ ಅಧ್ಯಯನಗಳು. 'ನೈಸರ್ಗಿಕ' ಎಂಬ ಹಣೆಪಟ್ಟಿ ಇದ್ದ ಮಾತ್ರಕ್ಕೆ ಒಂದು ಉತ್ಪನ್ನ ಎಲ್ಲರಿಗೂ ಒಗ್ಗುತ್ತದೆ ಎಂದೇನಿಲ್ಲ. ಪಕ್ಕದ ಮನೆಯವರಿಗೆ ಏನೂ ಆಗಿಲ್ಲ ಎಂಬುದು ನಮಗೂ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಲಿವರ್ ಹಾನಿಯಲ್ಲಿ ಎರಡು ಬಗೆ

ಔಷಧ ಅಥವಾ ಮೂಲಿಕೆಯಿಂದ ಲಿವರ್‌ಗೆ ಆಗುವ ಹಾನಿಯನ್ನು ವೈದ್ಯರು ಎರಡು ಬಗೆಯಾಗಿ ನೋಡುತ್ತಾರೆ.

ಮೊದಲನೆಯದು ಪ್ರಮಾಣವನ್ನು ಅವಲಂಬಿಸಿದ್ದು. ಪ್ಯಾರಸಿಟಮಾಲ್ ಅನ್ನು ಮಿತಿ ಮೀರಿ ನುಂಗಿದರೆ ಯಾರ ಲಿವರ್ ಆದರೂ ಹಾಳಾಗುತ್ತದೆ. ಪೈರೊಲಿಜಿಡಿನ್ ಆಲ್ಕಲಾಯ್ಡ್ ಎಂಬ ವಿಷಾಂಶ ಇರುವ ಕಾಂಫ್ರಿಯಂಥ ಸಸ್ಯಗಳೂ ಇದೇ ಗುಂಪಿಗೆ ಸೇರುತ್ತವೆ. ಇಲ್ಲಿ ಅಪಾಯವನ್ನು ಮೊದಲೇ ಊಹಿಸಬಹುದು.

ಎರಡನೆಯದು ವ್ಯಕ್ತಿಯನ್ನು ಅವಲಂಬಿಸಿದ್ದು. ಸಾವಿರಾರು ಮಂದಿ ತೊಂದರೆಯಿಲ್ಲದೆ ಸೇವಿಸುವ ಪದಾರ್ಥ ಬೆರಳೆಣಿಕೆಯ ಜನರಲ್ಲಿ ಮಾತ್ರ ಹೆಪಟೈಟಿಸ್ ತರುತ್ತದೆ. ಸೇವನೆ ಶುರುವಾದ ಕೆಲವು ವಾರ ಅಥವಾ ತಿಂಗಳುಗಳ ನಂತರ ಲಕ್ಷಣ ಕಾಣಿಸಿಕೊಳ್ಳುವುದರಿಂದ ಮೂಲಿಕೆಯ ಮೇಲೆ ಸಂಶಯವೇ ಮೂಡುವುದಿಲ್ಲ. ಗ್ರೀನ್ ಟೀ ಸಾರ, ಅರಿಶಿನದ ಸಾರ, ಅಶ್ವಗಂಧ ಮತ್ತು ಅಮೃತಬಳ್ಳಿಗೆ ಸಂಬಂಧಿಸಿ ವರದಿಯಾದ ಪ್ರಕರಣಗಳು ಹೆಚ್ಚಾಗಿ ಈ ಎರಡನೇ ಬಗೆಯವು.

ಜೀನ್ ಕೊಟ್ಟ ಸುಳಿವು

ಅಮೆರಿಕದಲ್ಲಿ ಔಷಧಜನ್ಯ ಲಿವರ್ ಹಾನಿಯನ್ನು ಅಧ್ಯಯನ ಮಾಡುವ 'ಡಿಲಿನ್' ಎಂಬ ಆಸ್ಪತ್ರೆಗಳ ಜಾಲ 2003ರಿಂದ ಕೆಲಸ ಮಾಡುತ್ತಿದೆ. ಅದರ ದಾಖಲೆಗಳಲ್ಲಿ ಮೂಲಿಕೆ ಮತ್ತು ಪೂರಕ ಉತ್ಪನ್ನಗಳ ಪಾಲು ಹತ್ತೇ ವರ್ಷಗಳಲ್ಲಿ ಶೇ 7ರಿಂದ ಶೇ 20ಕ್ಕೆ ಏರಿತ್ತು. ಆ ರೋಗಿಗಳ ಜೀನ್‌ಗಳನ್ನು ಪರಿಶೀಲಿಸಿದಾಗ ಒಂದು ಹೆಸರು ಮತ್ತೆ ಮತ್ತೆ ಎದುರಾಯಿತು: ಎಚ್‌ಎಲ್‌ಎ-ಬಿ*35:01.

ಗ್ರೀನ್ ಟೀ ಸಾರದಿಂದ ಲಿವರ್ ಹಾನಿಗೊಂಡವರಲ್ಲಿ ಶೇ 72ರಷ್ಟು ಮಂದಿಯಲ್ಲಿ ಈ ಜೀನ್ ರೂಪಾಂತರ ಇತ್ತು. ಸಾಮಾನ್ಯ ಜನರ ಗುಂಪಿನಲ್ಲಿ ಅದು ಕಂಡುಬಂದಿದ್ದು ಸುಮಾರು ಶೇ 11ರಷ್ಟು ಮಂದಿಯಲ್ಲಿ ಮಾತ್ರ. ಅರಿಶಿನಕ್ಕೆ ಸಂಬಂಧಿಸಿ ಇದೇ ಜಾಲ ವರದಿ ಮಾಡಿದ 10 ಪ್ರಕರಣಗಳಲ್ಲಿ 7 ಮಂದಿಗೆ ಇದೇ ಜೀನ್ ಇತ್ತು. ಆ ಹತ್ತು ಮಂದಿಯಲ್ಲಿ ಐವರು ಆಸ್ಪತ್ರೆ ಸೇರಬೇಕಾಯಿತು, ಒಬ್ಬರು ಲಿವರ್ ವೈಫಲ್ಯದಿಂದ ಮೃತಪಟ್ಟರು. ತೂಕ ಇಳಿಸಲು ಬಳಸುವ ಗಾರ್ಸೀನಿಯಾ ಕಾಂಬೋಜಿಯಾ ಮತ್ತು ಚೀನಾದ ಸಾಂಪ್ರದಾಯಿಕ ಮೂಲಿಕೆ ಪಾಲಿಗೋನಮ್ ಮಲ್ಟಿಫ್ಲೋರಂ ಪ್ರಕರಣಗಳಲ್ಲೂ ಇದೇ ನಂಟು ಕಂಡುಬಂದಿದೆ.

ಎಚ್‌ಎಲ್‌ಎ ಜೀನ್‌ನ ಕೆಲಸವೇನು?

ಜೀವಕೋಶದ ಒಳಗಿನ ಪ್ರೋಟೀನ್ ಚೂರುಗಳನ್ನು ಹೊರಮೈಗೆ ತಂದು ರೋಗನಿರೋಧಕ ವ್ಯವಸ್ಥೆಗೆ ತೋರಿಸುವುದು ಎಚ್‌ಎಲ್‌ಎ ಅಣುಗಳ ಕೆಲಸ. 'ಇದು ನಮ್ಮದು, ಇದು ಹೊರಗಿನದು' ಎಂದು ಕಾವಲು ಕೋಶಗಳು ಗುರುತಿಸುವುದು ಹೀಗೆ. ಅಪ್ಪ-ಅಮ್ಮನಿಂದ ಬರುವ ಈ ಅಣುಗಳ ವಿನ್ಯಾಸ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ.

ನುಂಗಿದ ಮೂಲಿಕೆಯ ರಾಸಾಯನಿಕವನ್ನು ಲಿವರ್ ಒಡೆಯುವಾಗ ಹುಟ್ಟುವ ಕೆಲವು ಅಂಶಗಳು ಅದರದೇ ಪ್ರೋಟೀನ್‌ಗಳಿಗೆ ಅಂಟಿಕೊಳ್ಳಬಹುದು. ಕೆಲವು ಬಗೆಯ ಎಚ್‌ಎಲ್‌ಎ ಇರುವವರಲ್ಲಿ ಈ ಬದಲಾದ ಚೂರನ್ನು ಕಾವಲು ಕೋಶಗಳು ಶತ್ರುವೆಂದು ಬಗೆದು ಲಿವರ್ ಕೋಶಗಳ ಮೇಲೆಯೇ ದಾಳಿ ಮಾಡುತ್ತವೆ ಎಂಬುದು ಸಂಶೋಧಕರ ವಿವರಣೆ. ಒಮ್ಮೆ ಹಾನಿಯಾದವರು ಅದೇ ಮೂಲಿಕೆಯನ್ನು ಮತ್ತೆ ತೆಗೆದುಕೊಂಡರೆ ತೊಂದರೆ ಮೊದಲಿಗಿಂತ ಬೇಗ, ಹೆಚ್ಚು ತೀವ್ರವಾಗಿ ಮರಳಬಹುದು. ನಿರೋಧಕ ವ್ಯವಸ್ಥೆ ಆ 'ಶತ್ರು'ವನ್ನು ನೆನಪಿಟ್ಟುಕೊಂಡಿರುತ್ತದೆ.

ಮುಂಬೈನಲ್ಲಿ ಕಂಡ ಅಮೃತಬಳ್ಳಿ ಪ್ರಕರಣಗಳು

ಭಾರತದಲ್ಲಿ ಈ ಚರ್ಚೆ ಜೋರಾಗಿದ್ದು ಕೋವಿಡ್ ಕಾಲದಲ್ಲಿ. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಮನೆಮನೆಯಲ್ಲೂ ಕಷಾಯ ಕುದಿಯುತ್ತಿದ್ದ ದಿನಗಳವು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಮೃತಬಳ್ಳಿ ಸೇವಿಸಿ ಲಿವರ್ ಹಾನಿಗೊಳಗಾದ 6 ರೋಗಿಗಳ ವಿವರವನ್ನು ಮುಂಬೈ ವೈದ್ಯರು 2021ರಲ್ಲಿ ಪ್ರಕಟಿಸಿದರು. ನಂತರ ದೇಶದ 13 ಕೇಂದ್ರಗಳ 43 ರೋಗಿಗಳ ಅಧ್ಯಯನ 2022ರಲ್ಲಿ ಹೊರಬಂತು.

ಈ ರೋಗಿಗಳಲ್ಲಿ ಎದ್ದು ಕಂಡದ್ದು ಆಟೊಇಮ್ಯೂನ್ ಹೆಪಟೈಟಿಸ್‌ನ ಲಕ್ಷಣಗಳು, ಅಂದರೆ ದೇಹವೇ ತನ್ನ ಲಿವರ್ ಮೇಲೆ ಎರಗುವ ಕಾಯಿಲೆಯ ಗುರುತು. ಹಲವರಲ್ಲಿ ಮೊದಲೇ ಲಿವರ್ ಕಾಯಿಲೆ ಇದ್ದು, ಅದು ಏಕಾಏಕಿ ಉಲ್ಬಣಿಸಿತ್ತು. ನಿರೋಧಕ ಶಕ್ತಿಯನ್ನು ಪ್ರಚೋದಿಸುವ ಮೂಲಿಕೆಯು ಒಳಗೇ ಮಲಗಿದ್ದ ಇಂಥ ಕಾಯಿಲೆಯನ್ನು ಎಬ್ಬಿಸಿರಬಹುದು ಎಂಬುದು ವೈದ್ಯರ ವಾದ. ಸೇವನೆ ಆರಂಭಿಸಿ ಲಕ್ಷಣ ಕಾಣಿಸಿಕೊಳ್ಳಲು ಹಿಡಿದ ಮಧ್ಯಮ ಅವಧಿ 46 ದಿನ.

ಆಯುಷ್ ಸಚಿವಾಲಯ ಈ ವಾದವನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನು ಲಿವರ್ ಹಾನಿಗೆ ತಳಕು ಹಾಕುವುದು ದಾರಿ ತಪ್ಪಿಸುವಂಥದ್ದು, ನೋಡಲು ಅದೇ ರೀತಿ ಇರುವ ಟಿನೊಸ್ಪೊರಾ ಕ್ರಿಸ್ಪಾ ಎಂಬ ಬೇರೆ ಬಳ್ಳಿಯ ಬಳಕೆಯಿಂದ ತೊಂದರೆಯಾಗಬಹುದು ಎಂದು ಅದು ಹೇಳಿತು. ಬಳ್ಳಿ ಯಾವುದು ಎಂಬ ವಾದ ಏನೇ ಇರಲಿ, ಹಿತ್ತಲಿನಿಂದಲೋ ಗ್ರಂಥಿಗೆ ಅಂಗಡಿಯಿಂದಲೋ ತಂದ ಮೂಲಿಕೆಯ ಗುರುತು ಖಚಿತವಿಲ್ಲದಿರುವುದೇ ಬಳಕೆದಾರರಿಗೆ ಒಂದು ಅಪಾಯ.

ಸಾರಿನ ಅರಿಶಿನ ಬೇರೆ, ಕ್ಯಾಪ್ಸೂಲ್ ಬೇರೆ

ತಲೆತಲಾಂತರದಿಂದ ಅರಿಶಿನ ತಿನ್ನುತ್ತಿದ್ದೇವಲ್ಲ ಎಂಬ ಪ್ರಶ್ನೆ ಸಹಜ. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಪ್ರಮಾಣ ತೂಕದ ಶೇ 3ರ ಆಸುಪಾಸು. ಹುಳಿಗೆ, ಪಲ್ಯಕ್ಕೆ ಬೀಳುವುದು ಚಿಟಿಕೆಯಷ್ಟು. ಅದರಲ್ಲೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಮಾರುಕಟ್ಟೆಯ ಅನೇಕ ಕ್ಯಾಪ್ಸೂಲ್‌ಗಳಲ್ಲಿ ಇರುವುದು ಶೇ 95ರಷ್ಟು ಸಾಂದ್ರಗೊಳಿಸಿದ ಸಾರ.

ಇದರ ಜತೆಗೆ ಕಾಳುಮೆಣಸಿನ ಪೈಪರಿನ್ ಸೇರಿಸುವ ರೂಢಿಯೂ ಇದೆ. ಈ ಸೂತ್ರಕ್ಕೆ ಬೆಂಗಳೂರಿನ ನಂಟಿದೆ. ಇಲ್ಲಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಅದರ ಹೀರಿಕೆ ಶೇ 2,000ದಷ್ಟು ಹೆಚ್ಚಿತ್ತು. ಕಂಪನಿಗಳಿಗೆ ಇದು ಮಾರಾಟದ ಅಂಶ. ಒಗ್ಗದ ದೇಹಕ್ಕೆ ಮಾತ್ರ ಅದು ಹಲವು ಪಟ್ಟು ಹೊರೆ.

ಗ್ರೀನ್ ಟೀಯದೂ ಇದೇ ಕತೆ. ಕುದಿಸಿ ಕುಡಿಯುವ ಚಹಾ ಸಾಮಾನ್ಯವಾಗಿ ಸುರಕ್ಷಿತ. ಆದರೆ ಅದರಲ್ಲಿನ ಇಜಿಸಿಜಿ ಎಂಬ ಅಂಶವನ್ನು ಪೂರಕ ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದರೆ ಲಿವರ್ ಕಿಣ್ವಗಳು ಏರಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ.

ಹಾಗಾದರೆ ಜೀನ್ ಪರೀಕ್ಷೆ ಮಾಡಿಸಬಹುದೇ?

ಸದ್ಯಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಎಚ್‌ಎಲ್‌ಎ-ಬಿ*35:01 ಅಪರೂಪದ್ದೇನಲ್ಲ, ಆದರೆ ಅದನ್ನು ಹೊತ್ತ ಬಹುಪಾಲು ಜನರಿಗೆ ಈ ಮೂಲಿಕೆಗಳಿಂದ ಏನೂ ಆಗುವುದಿಲ್ಲ. ಫ್ಲುಕ್ಲಾಕ್ಸಾಸಿಲಿನ್ ಎಂಬ ಆ್ಯಂಟಿಬಯೋಟಿಕ್ ಇದಕ್ಕೆ ಒಳ್ಳೆಯ ಉದಾಹರಣೆ. ಎಚ್‌ಎಲ್‌ಎ-ಬಿ*57:01 ಇರುವವರಿಗೆ ಅದರಿಂದ ಲಿವರ್ ಹಾನಿಯಾಗುವ ಸಾಧ್ಯತೆ ಸುಮಾರು 80 ಪಟ್ಟು ಹೆಚ್ಚು. ಹಾಗಿದ್ದೂ ಆ ಜೀನ್ ಇದ್ದು ಔಷಧ ಸೇವಿಸುವ 500ರಿಂದ 1,000 ಮಂದಿಯಲ್ಲಿ ಒಬ್ಬರಿಗಷ್ಟೇ ತೊಂದರೆಯಾಗುತ್ತದೆ.

ಜತೆಗೆ ಈ ಜೀನ್ ಇಲ್ಲದವರಲ್ಲೂ ಹಾನಿ ಕಾಣಿಸಿಕೊಂಡಿದೆ. ಅರಿಶಿನದ 10 ಪ್ರಕರಣಗಳಲ್ಲಿ ಮೂವರಿಗೆ ಅದು ಇರಲಿಲ್ಲ. ಆದ್ದರಿಂದ ಪರೀಕ್ಷೆಯ ವರದಿ 'ಇಲ್ಲ' ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ.

ಯಾರಿಗೆ ಹೆಚ್ಚಿನ ಎಚ್ಚರ ಬೇಕು?

* ಫ್ಯಾಟಿ ಲಿವರ್, ಸಿರೋಸಿಸ್, ಹೆಪಟೈಟಿಸ್ ಬಿ ಅಥವಾ ಸಿ ಇರುವವರು. 2023ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಅಶ್ವಗಂಧ ಮಾತ್ರ ಸೇವಿಸಿ ಲಿವರ್ ಹಾನಿಗೊಂಡ 8 ಮಂದಿಯಲ್ಲಿ, ಮೊದಲೇ ಲಿವರ್ ಕಾಯಿಲೆ ಇದ್ದು ಸ್ಥಿತಿ ಬಿಗಡಾಯಿಸಿದ ಮೂವರೂ ಮೃತಪಟ್ಟರು.
* ಥೈರಾಯ್ಡ್, ಸಂಧಿವಾತದಂಥ ಆಟೊಇಮ್ಯೂನ್ ತೊಂದರೆ ಇರುವವರು.
* ಕ್ಷಯ, ಮೂರ್ಛೆರೋಗ ಮುಂತಾದವಕ್ಕೆ ನಿತ್ಯ ಮಾತ್ರೆ ತೆಗೆದುಕೊಳ್ಳುವವರು.
* ನಿಯಮಿತವಾಗಿ ಮದ್ಯ ಸೇವಿಸುವವರು.
* ಹಿಂದೆ ಯಾವುದಾದರೂ ಔಷಧ ಅಥವಾ ಮೂಲಿಕೆಯಿಂದ ಕಾಮಾಲೆಯಾದವರು.

ಭಾರತದ ಆಸ್ಪತ್ರೆಗಳ ಲೆಕ್ಕ

ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಹರ್ಷದ್ ದೇವರಭಾವಿ ನೇತೃತ್ವದ ರಾಷ್ಟ್ರೀಯ ಜಾಲವೊಂದು 2013ರಿಂದ 2018ರವರೆಗೆ ಔಷಧಜನ್ಯ ಲಿವರ್ ಹಾನಿಯ 1,288 ರೋಗಿಗಳನ್ನು ದಾಖಲಿಸಿತು. ಶೇ 46ರಷ್ಟು ಪ್ರಕರಣಗಳಿಗೆ ಕ್ಷಯರೋಗದ ಔಷಧಗಳು ಕಾರಣವಾಗಿದ್ದವು. ಎರಡನೇ ಸ್ಥಾನದಲ್ಲಿದ್ದದ್ದು ಪರ್ಯಾಯ ಮತ್ತು ಪೂರಕ ಔಷಧಗಳು, ಸುಮಾರು ಶೇ 14. ಅಂದರೆ ಅಲೋಪಥಿ ಔಷಧಗಳ ಪಾಲೇ ಹೆಚ್ಚು. ಆದರೆ ಅವನ್ನು ಕೊಡುವಾಗ ವೈದ್ಯರು ಲಿವರ್ ಮೇಲೆ ಕಣ್ಣಿಡುತ್ತಾರೆ. ಆನ್‌ಲೈನ್‌ನಲ್ಲಿ ತರಿಸಿಕೊಂಡ ಕ್ಯಾಪ್ಸೂಲ್‌ಗೆ ಅಂಥ ಕಾವಲು ಇರುವುದಿಲ್ಲ.

ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು?

ಮೊದಲು ಕಾಣಿಸುವುದು ಸುಸ್ತು, ಹಸಿವಾಗದಿರುವುದು, ವಾಕರಿಕೆ. ನಂತರ ಮೂತ್ರ ಗಾಢ ಬಣ್ಣಕ್ಕೆ ತಿರುಗುತ್ತದೆ, ಮೈ ತುರಿಸುತ್ತದೆ, ಕಣ್ಣು ಹಳದಿಯಾಗುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಪೂರಕ ಮಾತ್ರೆಯನ್ನು ಕೂಡಲೇ ನಿಲ್ಲಿಸಿ, ವೈದ್ಯರನ್ನು ಕಾಣಬೇಕು. ವೈದ್ಯರು ಬರೆದುಕೊಟ್ಟ ಔಷಧಗಳನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬಾರದು. ಎಸ್‌ಜಿಪಿಟಿ, ಎಸ್‌ಜಿಒಟಿ, ಬಿಲಿರುಬಿನ್ ಇರುವ ಲಿವರ್ ಫಂಕ್ಷನ್ ಪರೀಕ್ಷೆಯಿಂದ ಹಾನಿಯ ಸುಳಿವು ಸಿಗುತ್ತದೆ. ಔಷಧಜನ್ಯ ಹಾನಿಯಲ್ಲಿ ಲಿವರ್ ಕಿಣ್ವಗಳ ಏರಿಕೆಯ ಜತೆ ಕಾಮಾಲೆಯೂ ಇದ್ದರೆ ಸಾವಿನ ಅಪಾಯ ಸುಮಾರು ಶೇ 10ರಷ್ಟು ಎಂಬುದು ವೈದ್ಯರು ಪಾಲಿಸುವ ಸ್ಥೂಲ ನಿಯಮ. ಸಕಾಲದಲ್ಲಿ ನಿಲ್ಲಿಸಿದ ಬಹುಪಾಲು ಮಂದಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತಾರೆ.

ಕಾಮಾಲೆ ಎಂದರೆ ನಾಟಿ ಔಷಧ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಮೂಲಿಕೆಯಿಂದಲೇ ಕಾಮಾಲೆ ಬಂದಿದ್ದರೆ ಅದರ ಮೇಲೆ ಇನ್ನೊಂದು ಮೂಲಿಕೆ ಸೇರಿಸುವುದು ಲಿವರ್‌ಗೆ ಮತ್ತಷ್ಟು ಹೊರೆ. ಮೊದಲು ರಕ್ತಪರೀಕ್ಷೆ ಆಗಲಿ.

ವೈದ್ಯರಿಗೆ ಏನು ಹೇಳಬೇಕು?

'ಯಾವ ಔಷಧ ತೆಗೆದುಕೊಳ್ಳುತ್ತೀರಿ?' ಎಂದು ವೈದ್ಯರು ಕೇಳಿದಾಗ ಕಷಾಯ, ಚೂರ್ಣ, ಜಿಮ್‌ನ ಪುಡಿ, ತೂಕ ಇಳಿಸುವ ಕ್ಯಾಪ್ಸೂಲ್ ಯಾವುದೂ ಹಲವರ ಬಾಯಿಗೆ ಬರುವುದಿಲ್ಲ. ಕಳೆದ ಆರು ತಿಂಗಳಲ್ಲಿ ಸೇವಿಸಿದ ಎಲ್ಲವನ್ನೂ ಹೇಳಿ. ಖಾಲಿಯಾಗಿದ್ದರೂ ಡಬ್ಬಿಯನ್ನು ಎಸೆಯದೆ ಜತೆಗೆ ಒಯ್ಯಿರಿ. ಅದರ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಪದಾರ್ಥಗಳ ಪಟ್ಟಿ ತನಿಖೆಗೆ ನೆರವಾಗುತ್ತದೆ. ಅಡ್ಡಪರಿಣಾಮಗಳ ಕುರಿತು ಭಾರತೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ರೋಗಿಗಳೇ ವರದಿ ಮಾಡಬಹುದು.

ಒಮ್ಮೆ ಹೀಗಾಗಿ ಚೇತರಿಸಿಕೊಂಡವರು ಆ ಮೂಲಿಕೆಯ ಹೆಸರನ್ನು ತಮ್ಮ ವೈದ್ಯಕೀಯ ಫೈಲ್‌ನಲ್ಲಿ ಬರೆಸಿಕೊಳ್ಳಬೇಕು. ಬೇರೆ ಕಂಪನಿಯದಾದರೂ, ಕಡಿಮೆ ಪ್ರಮಾಣದಲ್ಲಾದರೂ ಅದನ್ನು ಮತ್ತೆ ಮುಟ್ಟಬಾರದು.